ಭರತ–ಬಾಹುಬಲಿಯರ ನಡುವಣ ಮಂತ್ರಿ: ಅಣ್ಣಾಸಾಹೇಬ ಲಠ್ಠೆಯವರ ಇಬ್ಬಗೆಯ ನಿಷ್ಠೆ

ಬೆಳಗಾವಿಯಿಂದ ಕೊಲ್ಹಾಪುರದ ಕಡೆಗೆ ಸಾಗುವ ಹೆದ್ದಾರಿಯು ತವಂದಿ ಘಟ್ಟವನ್ನಿಳಿದು ನಿಪ್ಪಾಣಿಯ ತಂಬಾಕಿನ ಬಯಲನ್ನು ಸೇರುವೆಡೆಯಲ್ಲಿ ಸ್ತವನಿಧಿಯೆಂಬ ಜೈನಕ್ಷೇತ್ರವೊಂದಿದೆ. 1899ರಲ್ಲಿ ಇಲ್ಲಿ ನೆರೆದ ಜೈನ ಪ್ರಮುಖರು ‘ದಕ್ಷಿಣ ಮಹಾರಾಷ್ಟ್ರ ಜೈನ ಸಭೆ’ಯನ್ನು ಸ್ಥಾಪಿಸಿದರು. ಸಭೆಯ ಹೆಸರಿನಲ್ಲಿ ಮಹಾರಾಷ್ಟ್ರವಿದ್ದಿತು. ಅದು ಹುಟ್ಟಿದ ನೆಲವೋ ಅಂದಿನ ಚಿಕ್ಕೋಡಿ ತಾಲೂಕಿನದು. ಅದರ ಸದಸ್ಯರಾದ ರೈತರಲ್ಲಿ ಅನೇಕರ ಮನೆಮಾತು ಕನ್ನಡ, ಕಚೇರಿಯ ಭಾಷೆ ಮರಾಠಿ, ಕಂದಾಯ ಸಲ್ಲುತ್ತಿದ್ದುದು ಕೆಲವರದು ಇಂಗ್ಲಿಷರಿಗೆ, ಕೆಲವರದು ಕೊಲ್ಹಾಪುರದ ಛತ್ರಪತಿಗೆ, ಇನ್ನು ಕೆಲವರದು ಪಟವರ್ಧನ ಮನೆತನದ ಚಿಕ್ಕ ಚಿಕ್ಕ ಸಂಸ್ಥಾನಗಳಿಗೆ. ಆ ಸಭೆಯ ಆದ್ಯ ಕಾರ್ಯಕರ್ತರ ಸಾಲಿನಲ್ಲಿ, ಆಗಿನ್ನೂ ಇಪ್ಪತ್ತೊಂದರ ಆಸುಪಾಸಿನಲ್ಲಿದ್ದ ಕುರುಂದವಾಡದ ತರುಣನೊಬ್ಬನಿದ್ದನು: ಅಣ್ಣಾಸಾಹೇಬ ಬಾಬಾಜಿ ಲಠ್ಠೆ.

ಮುಂದೆ ಅರ್ಧಶತಮಾನದ ಕಾಲ ಈ ಪುರುಷನು ಅಧ್ಯಾಪಕನಾಗಿ, ವಕೀಲನಾಗಿ, ಶಾಸಕನಾಗಿ, ಸಂಸ್ಥಾನದ ದಿವಾನನಾಗಿ, ಕೊನೆಗೆ ಕಾಂಗ್ರೆಸ್ ಸರಕಾರದ ಅರ್ಥಮಂತ್ರಿಯಾಗಿ ತಳೆದ ಪಾತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದವನಿಗೆ, ಇವನು ಯಾರ ಕಡೆಯವನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಪ್ರಶ್ನೆಗೆ ಉತ್ತರವನ್ನು ಹುಡುಕುವ ಮೊದಲು, ಜೈನರ ಮನೆಮನೆಯಲ್ಲಿ ಪರಿಚಿತವಾದ, ಪಂಪನು ಆದಿಪುರಾಣದಲ್ಲಿ ಕನ್ನಡಿಸಿದ ಒಂದು ಪ್ರಸಂಗವನ್ನು ನೆನೆಯುವುದು ಉಚಿತ. ಚಕ್ರವರ್ತಿ ಭರತನೂ ಅವನ ತಮ್ಮ ಬಾಹುಬಲಿಯೂ ನೆಲಕ್ಕಾಗಿ ಸೈನ್ಯಸಮೇತರಾಗಿ ಎದುರುಬದುರು ನಿಂತಾಗ, ಉಭಯ ಪಕ್ಷದ ಮಂತ್ರಿಗಳು ತಮ್ಮೊಳಗೆ ಕೂಡಿ ಆಲೋಚಿಸಿದರಂತೆ: ಈ ಸೋದರರಿಬ್ಬರೂ ಚರಮದೇಹಿಗಳು, ಯುದ್ಧದಿಂದ ಇವರಿಗೆ ಸಾವಿಲ್ಲ, ಸಾಯುವುದು ಏನಿದ್ದರೂ ಇವರ ಹಿಂದೆ ನಿಂತ ಜನ. ಆದುದರಿಂದ ಸೇನೆಗಳು ಹೊಡೆದಾಡುವುದು ಬೇಡ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ನಿಯಮಬದ್ಧವಾಗಿ ಇಬ್ಬರೇ ಸೆಣಸಲಿ. ಅಣ್ಣತಮ್ಮಂದಿರ ಸಮರವನ್ನು ಹೀಗೆ ನಿಯಮಕ್ಕೆ ಒಳಪಡಿಸಿದ ಆ ಮಂತ್ರಿಗಳ ಹೆಸರು ಯಾರ ನಾಲಗೆಯ ಮೇಲೂ ಇಲ್ಲ. ಬಾಹುಬಲಿಗೆ ಬೆಟ್ಟವನ್ನೇ ಕಡೆದು ವಿಗ್ರಹ ಮಾಡಿದ ನಾಡಿನಲ್ಲಿ ಅವರಿಗೊಂದು ವೀರಗಲ್ಲೂ ಇಲ್ಲ. ಲಠ್ಠೆಯವರ ಜೀವಿತವನ್ನು ಅರಿಯಲು ನನಗೆ ದೊರೆತ ಕೀಲಿಕೈ ಈ ಹೆಸರಿಲ್ಲದ ಮಂತ್ರಿಗಳೇ.

ಒಡೆದ ನೆಲ

ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನು ಬೆಳಗಾವಿ ಜಿಲ್ಲೆಯ ನಕ್ಷೆಯಲ್ಲಿ ಒಂದೇ ಬಣ್ಣದಲ್ಲಿ ಕಾಣುವ ವಿದ್ಯಾರ್ಥಿಗೆ, ನೂರು ವರ್ಷಗಳ ಹಿಂದೆ ಈ ಸೀಮೆ ಎಷ್ಟು ತುಂಡುಗಳಾಗಿ ಚೆದುರಿತ್ತೆಂಬುದು ಸುಲಭವಾಗಿ ಹೊಳೆಯದು. ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಇಲಾಖೆಯ ಬ್ರಿಟಿಷ್ ತಾಲೂಕುಗಳಾಗಿದ್ದವು. ಜನರ ಮಾತಿನಲ್ಲಿ ಅವು ‘ಖಾಲಸಾ’. ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ ಮಹಾಲು. ಕೃಷ್ಣೆಯ ದಡವನ್ನು ಹಿಡಿದು ಮೇಲಕ್ಕೆ ನಡೆದರೆ ಕುರುಂದವಾಡ, ಮಿರಜ, ಸಾಂಗಲಿ ಎಂದು ಪಟವರ್ಧನರ ಸಂಸ್ಥಾನಗಳು. ಮಿರಜದಿಂದ ಬೆಳಗಾವಿಗೆ ಬರುವ ರೈಲಿನಲ್ಲಿ ಕುಳಿತವನು ಶೇಡಬಾಳ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಎಂದು ನಿಲ್ದಾಣಗಳನ್ನೆಣಿಸುತ್ತ ಬರುವಷ್ಟರಲ್ಲಿ, ಆಸನದಿಂದ ಏಳದೆಯೇ ಒಬ್ಬ ದೊರೆಯ ಪ್ರಜೆಯಾಗಿದ್ದು ಇನ್ನೊಬ್ಬ ದೊರೆಯ ಅತಿಥಿಯಾಗಿಬಿಡುತ್ತಿದ್ದನು. ಮನೆಯ ಮಗಳನ್ನು ಒಂದು ರಾಜ್ಯಕ್ಕೆ ಕೊಟ್ಟು, ಸೊಸೆಯನ್ನು ಮತ್ತೊಂದು ರಾಜ್ಯದಿಂದ ತಂದುಕೊಳ್ಳುತ್ತಿದ್ದ ಇಲ್ಲಿಯ ರೈತನಿಗೆ ನಿಷ್ಠೆಯೆಂಬುದು ಒಂದೇ ಗೂಟಕ್ಕೆ ಕಟ್ಟಿದ ದನವಾಗಿರಲು ಸಾಧ್ಯವಿರಲಿಲ್ಲ.

ಲಠ್ಠೆಯವರು ಹುಟ್ಟಿದುದು 1878ರಲ್ಲಿ, ಇಂತಹ ಒಂದು ಸಂಸ್ಥಾನದ ರಾಜಧಾನಿಯಾದ ಕುರುಂದವಾಡದಲ್ಲಿ. ದಕ್ಷಿಣದ ಜೈನರಲ್ಲಿ ಉನ್ನತ ಶಿಕ್ಷಣವೇ ಅಪೂರ್ವವಾಗಿದ್ದ ಕಾಲದಲ್ಲಿ ಅವರು ಎಂ.ಎ., ಎಲ್‌ಎಲ್.ಬಿ. ಪದವಿಗಳನ್ನು ಗಳಿಸಿದರು. 1905ರಲ್ಲಿ ಜೈನಧರ್ಮವನ್ನು ಪರಿಚಯಿಸುವ ಇಂಗ್ಲಿಷ್ ಗ್ರಂಥವೊಂದನ್ನು ಪ್ರಕಟಿಸಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪನ, ಅನಂತರ ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಅಧಿಕಾರ, ಜೊತೆಗೆ ಜೈನ ಸಭೆಯ ಬೋರ್ಡಿಂಗಿನ ಮೇಲ್ವಿಚಾರಣೆ: ಹೀಗೆ ಶಾಹು ಮಹಾರಾಜರ ಕೊಲ್ಹಾಪುರದಲ್ಲಿ ಅವರ ಸಾರ್ವಜನಿಕ ಜೀವನ ಮೊದಲಾಯಿತು.

ಮಂತ್ರದ ಜಗಳ

ಆ ಕೊಲ್ಹಾಪುರವು ಆಗ ಒಂದು ಕದನದ ಕಣವಾಗಿದ್ದಿತು. ಅರಮನೆಯ ಪುರೋಹಿತರು ಛತ್ರಪತಿಯನ್ನು ಕ್ಷತ್ರಿಯನೆಂದೊಪ್ಪದೆ, ವೇದೋಕ್ತ ಮಂತ್ರಗಳ ಬದಲು ಪುರಾಣೋಕ್ತ ಮಂತ್ರಗಳನ್ನೇ ಪಠಿಸುತ್ತಿದ್ದರೆಂಬುದರಿಂದ ಹುಟ್ಟಿದ ವಿವಾದವು ನದಿಯ ಸ್ನಾನಘಟ್ಟದಿಂದ ಹೊರಟು ದರಬಾರನ್ನೂ ಪತ್ರಿಕೆಗಳನ್ನೂ ಹೊಕ್ಕು, ಇಡೀ ದಕ್ಷಿಣ ಮರಾಠಾ ಪ್ರಾಂತವನ್ನು ಬ್ರಾಹ್ಮಣ–ಬ್ರಾಹ್ಮಣೇತರ ಎಂಬ ಎರಡು ಪಾಳೆಯಗಳಾಗಿ ಸೀಳಿತು. 1902ರ ಜುಲೈ 26ರಂದು ಮಹಾರಾಜರು ತಮ್ಮ ಸಂಸ್ಥಾನದ ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗಗಳಿಗೆ ಮೀಸಲಿರಿಸಿದರು. 1918ರಲ್ಲಿ ವಂಶಪಾರಂಪರ್ಯದ ಕುಲಕರ್ಣಿ ವತನವನ್ನು ರದ್ದುಗೊಳಿಸಿ ಸಂಬಳದ ತಲಾಠಿಗಳನ್ನು ನೇಮಿಸಿದರು. ರಾಯಬಾಗದಂತಹ ದೂರದ ಮಹಾಲಿನ ಹಳ್ಳಿಗೂ ಈ ಆಜ್ಞೆಗಳ ಅರ್ಥ ತಿಳಿಯದೆ ಹೋಗಲಿಲ್ಲ. ಊರಿನ ಲೆಕ್ಕದ ದಫ್ತರವು ಯಾರ ಮನೆಯ ಪೆಟ್ಟಿಗೆಯಲ್ಲಿರಬೇಕು ಎಂಬುದೇ ಅಲ್ಲಿಯ ರಾಜಕಾರಣವಾಗಿದ್ದಿತು.

ಈ ಕದನದಲ್ಲಿ ಜೈನನಾದವನ ಸ್ಥಿತಿ ವಿಚಿತ್ರವಾದುದು. ವೇದಪ್ರಾಮಾಣ್ಯವನ್ನೇ ಒಪ್ಪದ ಧರ್ಮದವನಿಗೆ, ವೇದಮಂತ್ರದ ಅಧಿಕಾರ ಯಾರಿಗಿರಬೇಕೆಂಬ ಜಗಳದಲ್ಲಿ ಪಾಲೆಲ್ಲಿಯದು? ಆದರೂ ಲಠ್ಠೆಯವರು ಬ್ರಾಹ್ಮಣೇತರ ಪಾಳೆಯದಲ್ಲಿ ನಿಂತರು. ಮಂತ್ರವು ಅವರಿಗೆ ಬೇಕಾಗಿರಲಿಲ್ಲ. ಶಾಲೆ ಬೇಕಾಗಿದ್ದಿತು, ಕಚೇರಿಯ ಕುರ್ಚಿ ಬೇಕಾಗಿದ್ದಿತು, ಹೊಲದಿಂದ ಬಂದ ಹುಡುಗನಿಗೆ ಪಟ್ಟಣದಲ್ಲಿ ಎರಡು ಹೊತ್ತಿನ ಊಟವೂ ಮಲಗಲೊಂದು ಚಾಪೆಯೂ ಬೇಕಾಗಿದ್ದವು. ಪಕ್ಷವನ್ನು ಸೇರಿಯೂ ಪಕ್ಷದ ಆವೇಶವನ್ನು ಪೂರ್ಣವಾಗಿ ಹಂಚಿಕೊಳ್ಳಲಾರದ ಈ ಅರೆಹೊರಗಿನ ನಿಲುವೇ ಅವರ ಬಲವೂ ಆಯಿತು, ಬಲಹೀನತೆಯೂ ಆಯಿತು.

ತೋಪು ಸಿಡಿಯದ ಈ ಕಲಹವನ್ನು ಅಂತರ್ಯುದ್ಧವೆಂದು ಕರೆಯುವುದು ಅತಿಶಯೋಕ್ತಿಯೆಂದು ವಾಚಕರಿಗೆ ತೋರಬಹುದು. ಆದರೆ ತೋಪು ಸಿಡಿದ ಅಂತರ್ಯುದ್ಧಗಳಲ್ಲಿಯೂ ವಕೀಲನ ಸಂಕಟ ಇದೇ ಬಗೆಯದಾಗಿದ್ದಿತು. ಇಂಗ್ಲೆಂಡಿನ ಎಡ್ವರ್ಡ್ ಹೈಡ್ ಎಂಬ ನ್ಯಾಯವಾದಿಯು 1640ರ ಪಾರ್ಲಿಮೆಂಟಿನಲ್ಲಿ ದೊರೆಯ ಅಕ್ರಮಗಳನ್ನು ಖಂಡಿಸಿ, ಎರಡೇ ವರ್ಷಗಳಲ್ಲಿ ಪಾರ್ಲಿಮೆಂಟೂ ಕಾನೂನಿನ ಎಲ್ಲೆಯನ್ನು ಮೀರಿತೆಂದು ಅದೇ ದೊರೆಯ ಪಕ್ಷವನ್ನು ಸೇರಿದನು. ಆ ದೊರೆಯ ಮಗನ ಮುಖ್ಯಮಂತ್ರಿಯಾಗಿ, 1667ರಲ್ಲಿ ಪದಚ್ಯುತನಾಗಿ, ಫ್ರಾನ್ಸಿನಲ್ಲಿ ದೇಶಭ್ರಷ್ಟನಾಗಿಯೇ ಮಡಿದನು. ಅಮೆರಿಕದ ಜಾರ್ಜಿಯಾ ಪ್ರಾಂತದ ವಕೀಲ ಅಲೆಕ್ಸಾಂಡರ್ ಸ್ಟೀಫನ್ಸನು 1860ರ ನವೆಂಬರದಲ್ಲಿ ಒಕ್ಕೂಟವನ್ನು ಒಡೆಯಬೇಡಿರೆಂದು ವಾದಿಸಿದನು. 1861ರ ಫೆಬ್ರವರಿಯಲ್ಲಿ, ಒಡೆದು ಹೋದವರ ಸರಕಾರಕ್ಕೆ ಉಪಾಧ್ಯಕ್ಷನಾದನು. ಒಬ್ಬನನ್ನು ಕಾನೂನಿನ ಮೇಲಣ ನಿಷ್ಠೆಯು ದೊರೆಯ ಕಡೆಗೆ ಸೆಳೆಯಿತು, ಇನ್ನೊಬ್ಬನನ್ನು ಹುಟ್ಟಿದ ಪ್ರಾಂತದ ಮೇಲಣ ನಿಷ್ಠೆಯು ದಂಗೆಯ ಕಡೆಗೆ ಒಯ್ದಿತು. ಸ್ಟೀಫನ್ಸನ ಪ್ರಾಂತವು ಗುಲಾಮಗಿರಿಯನ್ನುಳಿಸಿಕೊಳ್ಳಲು ಹೋರಿತೆಂಬುದರಿಂದ ಅವನ ನಿಷ್ಠೆಗೆ ಮಸಿಯಂಟಿದೆ. ನಿಷ್ಠೆಯು ತಾನಾಗಿ ಪವಿತ್ರವಾದುದಲ್ಲ, ಅದು ಯಾವುದರ ಮೇಲಣ ನಿಷ್ಠೆ ಎಂಬುದರಿಂದ ಅದಕ್ಕೆ ಬೆಲೆ ಬರುತ್ತದೆ ಎಂಬ ಪಾಠವನ್ನು ಲಠ್ಠೆಯವರ ವಿಷಯದಲ್ಲಿಯೂ ಮರೆಯಲಾಗದು.

ಡಾಂಬರು

ಅವರ ಬಾಳಿನ ಮೊದಲ ದೊಡ್ಡ ಆಘಾತವು ಶತ್ರುಪಕ್ಷದಿಂದ ಬರಲಿಲ್ಲ, ಸ್ವಪಕ್ಷದಿಂದಲೇ ಬಂದಿತು. 1914ರಲ್ಲಿ ಕೊಲ್ಹಾಪುರದಲ್ಲಿದ್ದ ಬ್ರಿಟಿಷ್ ರಾಜಮನೆತನದ ಪ್ರತಿಮೆಗಳಿಗೆ ಯಾರೋ ರಾತ್ರಿಯಲ್ಲಿ ಡಾಂಬರು ಬಳಿದರು. ಸಂಸ್ಥಾನದ ಸ್ವಾತಂತ್ರ್ಯವೇ ಇಂಗ್ಲಿಷ್ ರೆಸಿಡೆಂಟನ ಹುಬ್ಬಿನ ಮೇಲೆ ನಿಂತಿದ್ದ ಆ ದಿನಗಳಲ್ಲಿ ಇದು ಹುಡುಗಾಟಿಕೆಯಾಗಿ ಉಳಿಯದೆ ರಾಜದ್ರೋಹವಾಯಿತು. ಸಂಶಯವು ಲಠ್ಠೆಯವರ ಮೇಲೆ ತಿರುಗಿತು. ಅವರ ವಿರುದ್ಧ ಸಾಕ್ಷಿ ನುಡಿಯಬೇಕೆಂದು ಪೊಲೀಸರು ಹಿಡಿದು ಪೀಡಿಸಿದ ತರುಣನ ಹೆಸರು ಭಾವುರಾವ್ ಪಾಟೀಲ. ಮುಂದೆ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ‘ಕರ್ಮವೀರ’ನೆನಿಸಿಕೊಂಡವರು ಇವರೇ.

ಈ ಭಾವುರಾವ್‌ಗೆ ಲಠ್ಠೆಯವರ ಮೇಲೆ ಪ್ರೀತಿಯಿರಲು ಕಾರಣವೇನೂ ಇರಲಿಲ್ಲ. ಜೈನ ಬೋರ್ಡಿಂಗಿನಲ್ಲಿದ್ದಾಗ ಆತನು ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ತೆರೆದ ಮಿಸ್ ಕ್ಲಾರ್ಕ್ ಹಾಸ್ಟೆಲಿನ ಉದ್ಘಾಟನೆಗೆ ಹೋಗಿ, ಮರಳಿ ಬಂದು ಸ್ನಾನಮಾಡಲೊಪ್ಪದೆ ಊಟಕ್ಕೆ ಕುಳಿತನೆಂದು ಅವನನ್ನು ಬೋರ್ಡಿಂಗಿನಿಂದ ಹೊರಹಾಕಿದವರು ಲಠ್ಠೆಯವರೇ. ಬ್ರಾಹ್ಮಣರಿಂದ ಸಮಾನತೆಯನ್ನು ಬೇಡುತ್ತಿದ್ದ ಸಮಾಜವು ತನ್ನ ಕೆಳಗಿನವನಿಗೆ ಅದನ್ನು ಕೊಡಲು ಹೇಗೆ ಅಳುಕುತ್ತಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ. ಲಠ್ಠೆಯವರನ್ನು ಮೆಚ್ಚುವವರೂ ಇದನ್ನು ಮುಚ್ಚಿಡಬೇಕಾಗಿಲ್ಲ. ಅಂದು ತನ್ನನ್ನು ಬೀದಿಗೆ ಕಳಿಸಿದ ಗುರುವನ್ನು ಈಗ ಸೆರೆಮನೆಗೆ ಕಳಿಸುವ ಅವಕಾಶವು ಶಿಷ್ಯನ ಅಂಗೈಯಲ್ಲಿದ್ದಿತು. ಅವನು ಸುಳ್ಳು ಸಾಕ್ಷಿಯನ್ನು ಹೇಳಲೊಲ್ಲದೆ, ಚಿತ್ರಹಿಂಸೆಯನ್ನು ತಾಳಲಾರದೆ, ಪ್ರಾಣವನ್ನೇ ನೀಗಿಕೊಳ್ಳಲು ಹವಣಿಸಿದನು. ನುಡಿಯನ್ನು ಮಾತ್ರ ಕೊಡಲಿಲ್ಲ. ಅವನ ನಿಷ್ಠೆ ಲಠ್ಠೆಯವರ ಮೇಲಣದಲ್ಲ, ದರಬಾರಿನ ಮೇಲಣದೂ ಅಲ್ಲ. ಸಾಕ್ಷಿಯ ಸತ್ಯದ ಮೇಲಣದು. ವಕೀಲಿಯನ್ನು ಓದಿದ ಗುರುವಿಗೆ ವಕೀಲಿಯ ಮೂಲಸೂತ್ರವನ್ನು ಕಲಿಸಿಕೊಟ್ಟವನು, ಪಾಠದಲ್ಲಿ ಅಷ್ಟೇನೂ ಮುಂದಿಲ್ಲದ ಆ ಶಿಷ್ಯ.

ಲಠ್ಠೆಯವರು ಕೊಲ್ಹಾಪುರವನ್ನು ತೊರೆದು ಬೆಳಗಾವಿಯಲ್ಲಿ ವಕೀಲಿಯನ್ನಾರಂಭಿಸಿದರು. ದೊರೆಯ ಮರ್ಜಿಯಿಂದ ದೂರವಾದ ಖಾಲಸಾ ನೆಲದಲ್ಲಿ ಅವರು ಮಾಡಿದುದೇನೆಂಬುದು ಗಮನಾರ್ಹವಾಗಿದೆ. ಸೇಡಿನ ಲೇಖನಗಳನ್ನು ಬರೆದು ಶಾಹು ಮಹಾರಾಜರ ವಿರೋಧಿಗಳ ಪಾಳೆಯಕ್ಕೆ ಹಾರುವುದು ಸುಲಭವಾಗಿದ್ದಿತು; ಆ ಪಾಳೆಯವು ಕೈಚಾಚಿ ಸ್ವಾಗತಿಸುತ್ತಲೂ ಇದ್ದಿತು. ಆದರೆ ಅವರು ಬ್ರಾಹ್ಮಣೇತರ ಚಳುವಳಿಯನ್ನು ಬಿಡಲಿಲ್ಲ. ದೊರೆಯಲ್ಲಿ ವಿಶ್ವಾಸ ಕೆಟ್ಟರೂ ದೊರೆಯು ಎತ್ತಿಹಿಡಿದ ವಾದದಲ್ಲಿ ವಿಶ್ವಾಸ ಕೆಡಲಿಲ್ಲ.

ಚರಿತ್ರೆಯನ್ನು ಬರೆದ ಆರೋಪಿ

ಮಾಂಟೆಗ್ಯೂ ಸುಧಾರಣೆಗಳ ಅನಂತರ, 1920ರ ಕೊನೆಯಲ್ಲಿ ನಡೆದ ಚುನಾವಣೆಯನ್ನು ಕಾಂಗ್ರೆಸ್ಸು ಬಹಿಷ್ಕರಿಸಿತು. ಬೆಳಗಾವಿ ಜಿಲ್ಲೆಯ ದೇಶಭಕ್ತರು ಅಸಹಕಾರದ ಬಾವುಟವನ್ನು ಹಿಡಿದು ಕಾರಾಗೃಹಕ್ಕೆ ನಡೆದರೆ, ಲಠ್ಠೆಯವರು ದಿಲ್ಲಿಯ ಕೇಂದ್ರ ಶಾಸನಸಭೆಗೆ ನಡೆದರು. ಒಂದೇ ಊರಿನ ಇಬ್ಬರು ವಕೀಲರಲ್ಲಿ ಒಬ್ಬನು ಸನದನ್ನು ಬಿಸುಟು ಖಾದಿಯನ್ನುಡುವುದು, ಇನ್ನೊಬ್ಬನು ಅದೇ ಸನದಿನ ಬಲದಿಂದ ಸರಕಾರಕ್ಕೆ ಪ್ರಶ್ನೆಗಳನ್ನೆಸೆಯುವುದು ಆ ಕಾಲದಲ್ಲಿ ಸಾಮಾನ್ಯ ದೃಶ್ಯವಾಗಿದ್ದಿತು. ಸ್ವರಾಜ್ಯವೆಂದರೆ ಕುಲಕರ್ಣಿಯ ರಾಜ್ಯವೇ ಮರಳಿ ಬಂದೀತೆಂಬ ಶಂಕೆಯು ಬ್ರಾಹ್ಮಣೇತರರಲ್ಲಿ ಗಾಢವಾಗಿದ್ದ ದಿನಗಳವು. 1920ರಲ್ಲಿ ಶಾಹು ಮಹಾರಾಜರು ಹುಬ್ಬಳ್ಳಿಗೆ ಬಂದು ಬ್ರಾಹ್ಮಣೇತರ ಪರಿಷತ್ತಿನ ಅಧ್ಯಕ್ಷತೆಯನ್ನು ವಹಿಸಿದ್ದರು. 1924ರಲ್ಲಿ ಗಾಂಧೀಜಿಯವರು ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದರು. 1925ರ ಏಪ್ರಿಲಿನಲ್ಲಿ ಬ್ಯಾರಿಸ್ಟರ್ ಅಂಬೇಡ್ಕರರು ನಿಪ್ಪಾಣಿಯಲ್ಲಿ ಅಸ್ಪೃಶ್ಯ ವರ್ಗಗಳ ಪ್ರಾಂತಿಕ ಪರಿಷತ್ತನ್ನು ನಡೆಸಿದರು. ಐದು ವರ್ಷಗಳಲ್ಲಿ ಮೂವರು ಮಹಾಪುರುಷರು ಈ ಒಂದೇ ಸೀಮೆಗೆ ಬಂದು ಮೂರು ದಿಕ್ಕಿಗೆ ಕೈತೋರಿದರು. ಚಿಕ್ಕೋಡಿಯ ಪೇಟೆಯಲ್ಲಿ ಬೆಲ್ಲ ಮಾರಲು ಬಂದ ರೈತನು ಯಾವ ಕೈಯನ್ನು ಅನುಸರಿಸಬೇಕಾಗಿದ್ದಿತು?

1922ರಲ್ಲಿ ಶಾಹು ಮಹಾರಾಜರು ತೀರಿಕೊಂಡರು. ಎರಡು ವರ್ಷಗಳ ಮೇಲೆ, 1924ರಲ್ಲಿ, ಅವರ ಚರಿತ್ರೆಯು ಇಂಗ್ಲಿಷಿನಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು. ಅದನ್ನು ಬರೆದವರು ಒಂದು ಕಾಲಕ್ಕೆ ಅದೇ ದರಬಾರಿನ ಸಂಶಯಕ್ಕೆ ಗುರಿಯಾಗಿ ಊರು ಬಿಟ್ಟ ಲಠ್ಠೆಯವರು. ಆ ಮಹಾರಾಜರ ಕಾಲವನ್ನು ಅರಿಯಬೇಕೆನ್ನುವ ವಿದ್ವಾಂಸರು ಇಂದಿಗೂ ಆ ಸಂಪುಟಗಳ ಬಾಗಿಲಿಗೇ ಹೋಗಬೇಕು. ದೇಶಭ್ರಷ್ಟನಾದ ಹೈಡನು ತನ್ನನ್ನು ಹೊರದೂಡಿದ ರಾಜಮನೆತನದ ಇತಿಹಾಸವನ್ನು ಪೂರ್ತಿಗೊಳಿಸಿದುದನ್ನು ಇದು ನೆನಪಿಗೆ ತರುತ್ತದೆ. ಮನಸ್ಸಿನಲ್ಲಿ ನೋವಿದ್ದವನು ಬರೆದ ಪ್ರಶಂಸೆಗೆ ಹೊಗಳುಭಟನ ಪ್ರಶಂಸೆಗಿಲ್ಲದ ತೂಕವಿರುತ್ತದೆ. ಹಾಗೆಯೇ ಮರಳಿ ಆಶ್ರಯ ಬಯಸಿದವನ ಲೇಖನಿಯೆಂದು ಶಂಕಿಸಲೂ ಅವಕಾಶವಿರುತ್ತದೆ. ಆ ಶಂಕೆಗೆ ಆಧಾರವೆಂಬಂತೆ, 1926ರಲ್ಲಿ ಶಾಹು ಮಹಾರಾಜರ ಮಗ ಛತ್ರಪತಿ ರಾಜಾರಾಮರು ಲಠ್ಠೆಯವರನ್ನು ಕೊಲ್ಹಾಪುರದ ದಿವಾನರನ್ನಾಗಿ ನೇಮಿಸಿದರು. ಹನ್ನೆರಡು ವರ್ಷಗಳ ಹಿಂದೆ ಆರೋಪಿಯಾಗಿ ಹೊರಟ ನಗರವನ್ನು ಅವರು ‘ದಿವಾನ್ ಬಹಾದ್ದೂರ’ರಾಗಿ ಆಳಿದರು, ಕನ್ನಡದ ರಾಯಬಾಗವೂ ಅವರ ಅಧಿಕಾರದಡಿಯಲ್ಲಿ ಬಂದಿತು.

ಲೆಕ್ಕದ ಪುಸ್ತಕದ ಸಮರ

1930ರ ದಶಕದಲ್ಲಿ ಬ್ರಾಹ್ಮಣೇತರ ಚಳುವಳಿಯ ಪ್ರವಾಹವು ಕಾಂಗ್ರೆಸ್ಸಿನ ಮಹಾನದಿಯನ್ನು ಸೇರತೊಡಗಿತು, ಲಠ್ಠೆಯವರೂ ಸೇರಿದರು. 1937ರ ಚುನಾವಣೆಯಲ್ಲಿ ಬೆಳಗಾವಿ ಜಿಲ್ಲೆಯ ಉತ್ತರ ಭಾಗದಿಂದ ಆರಿಸಿ ಬಂದು, ಬಾಳಾಸಾಹೇಬ ಖೇರರ ಮಂತ್ರಿಮಂಡಲದಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಯಾದರು. ಕಾಂಗ್ರೆಸ್ಸನ್ನು ಒಂದು ಕಾಲಕ್ಕೆ ಸಂಶಯದಿಂದ ಕಂಡವರು ಕಾಂಗ್ರೆಸ್ಸಿನ ಬೊಕ್ಕಸದ ಕೀಲಿಯನ್ನು ಹಿಡಿದರು.

ಆ ಬೊಕ್ಕಸವು ಸುಖದ ಆಸನವಾಗಿರಲಿಲ್ಲ. ಗಾಂಧೀಜಿಯವರ ಸಂಕಲ್ಪದಂತೆ ಮದ್ಯನಿಷೇಧವನ್ನು ಜಾರಿಗೆ ತರುವುದೆಂದರೆ ಅಬಕಾರಿಯ ವರಮಾನವನ್ನು ತಾವೇ ಕೊಡಹಿಬಿಡುವುದೆಂದರ್ಥ. ಆ ಹೊಂಡವನ್ನು ತುಂಬಲು 1939ರಲ್ಲಿ ನಗರಗಳ ಸ್ಥಿರಾಸ್ತಿಯ ಮೇಲೆ ಶೇಕಡಾ 10ರ ತೆರಿಗೆಯನ್ನು ಹಾಕಲಾಯಿತು. ಅದೇ ವರ್ಷದ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿಷೇಧವು ಜಾರಿಗೆ ಬಂದಿತು. ಹೆಂಡದ ವ್ಯಾಪಾರದಲ್ಲಿಯೂ ಕಟ್ಟಡಗಳಲ್ಲಿಯೂ ಹಣ ತೊಡಗಿಸಿದ್ದ ಪಾರಸಿಗಳು ಪ್ರಬಲವಾಗಿ ಪ್ರತಿಭಟಿಸಿದರು. ವಿರೋಧ ಪಕ್ಷದಿಂದ ಅಂಬೇಡ್ಕರರು, ಬಡವನ ಮಗನಿಗೆ ಅಕ್ಷರವಿಲ್ಲದಿರುವಾಗ ಪಾನನಿಷೇಧಕ್ಕೆ ಅಗ್ರಸ್ಥಾನವೇಕೆ ಎಂಬ ವಾದವನ್ನು ಮುಂದಿಟ್ಟರು. ಬೋರ್ಡಿಂಗಿನ ಹುಡುಗರಿಗಾಗಿ ಚಂದಾ ಎತ್ತಿ ಸಾರ್ವಜನಿಕ ಜೀವನವನ್ನಾರಂಭಿಸಿದ ಲಠ್ಠೆಯವರಿಗೆ ಆ ವಾದದ ನ್ಯಾಯ ತಿಳಿಯದ್ದಲ್ಲ. ಆದರೆ ಇಲ್ಲಿ ನಾವು ಕಾಣಬೇಕಾದುದು ಬೇರೊಂದು ಸಂಗತಿ: ಮೂವತ್ತು ವರ್ಷಗಳ ಹಿಂದೆ ಹಾಸ್ಟೆಲಿನ ಊಟದ ಪಂಕ್ತಿಯಲ್ಲಿ ಬಹಿಷ್ಕಾರದಿಂದ ಮುಗಿದಿದ್ದ ಅಸ್ಪೃಶ್ಯತೆಯ ಪ್ರಶ್ನೆಯು ಈಗ ಶಾಸನಸಭೆಯಲ್ಲಿ, ಅಸ್ಪೃಶ್ಯರ ನಾಯಕನ ಬಾಯಿಂದಲೇ, ಅರ್ಥಮಂತ್ರಿಯು ಎದ್ದುನಿಂತು ಉತ್ತರಿಸಲೇಬೇಕಾದ ಪ್ರಶ್ನೆಯಾಗಿ ಬಂದಿತು. ಇಂಗ್ಲಿಷರು ಭಾರತವನ್ನು ಕೇಳದೆಯೇ ಮಹಾಯುದ್ಧಕ್ಕಿಳಿಸಿದುದನ್ನು ಪ್ರತಿಭಟಿಸಿ ಕಾಂಗ್ರೆಸ್ ಮಂತ್ರಿಮಂಡಲಗಳು 1939ರ ಶರತ್ಕಾಲದಲ್ಲಿ ರಾಜೀನಾಮೆಯನ್ನಿತ್ತವು. ಲಠ್ಠೆಯವರ ಅಧಿಕಾರವು ಎರಡು ವರ್ಷಗಳನ್ನು ಸ್ವಲ್ಪವೇ ಮೀರಿದ್ದಿತು.

ಯಾರ ಕಡೆಯವನು?

ಎರಡು ದೋಣಿಯಲ್ಲಿ ಕಾಲಿಟ್ಟವನು ನೀರಿಗೆ ಬೀಳುವನೆಂದು ನಮ್ಮವರು ಹೇಳುತ್ತಾರೆ. ಲಠ್ಠೆಯವರು ಎರಡಲ್ಲ, ನಾಲ್ಕೈದು ದೋಣಿಗಳನ್ನು ಹತ್ತಿಳಿದರು: ಸಂಸ್ಥಾನ, ಖಾಲಸಾ, ಬ್ರಾಹ್ಮಣೇತರ ಪಕ್ಷ, ಕಾಂಗ್ರೆಸ್ಸು. ಅವಕಾಶವಾದಿಯೆನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷ್ಯವೇನು ಬೇಕೆಂದು ಎದುರು ವಕೀಲನು ಕೇಳಬಹುದು. ಅದಕ್ಕೆ ನನ್ನ ಉತ್ತರವಿಷ್ಟೇ: ದೋಣಿಗಳು ಬದಲಾದರೂ ಅವರು ಹೊತ್ತು ಸಾಗಿಸುತ್ತಿದ್ದ ಸರಕು ಬದಲಾಗಲಿಲ್ಲ. ಜಾತಿಜಾತಿಗಳ ಜಗಳವನ್ನು ಬೀದಿಯಿಂದೆತ್ತಿ ಅರ್ಜಿಗೆ, ಅರ್ಜಿಯಿಂದ ಶಾಸನಸಭೆಗೆ, ಅಲ್ಲಿಂದ ಆಯವ್ಯಯದ ಪುಸ್ತಕಕ್ಕೆ ಒಯ್ಯುವುದು. ಹೋರಾಟವನ್ನು ನಿಲ್ಲಿಸದೆಯೇ ಅದಕ್ಕೊಂದು ನಿಯಮವನ್ನು ತೊಡಿಸುವುದು. ಇದೇ ಆ ಸರಕು. ಭರತ–ಬಾಹುಬಲಿಯರ ಮಂತ್ರಿಗಳು ಮಾಡಿದುದೂ ಇದನ್ನೇ. ಆ ಕಥೆಯಲ್ಲಿಯೂ ನಿಯಮಯುದ್ಧದಲ್ಲಿ ಸೋತ ಭರತನು ಕೋಪದಿಂದ ಚಕ್ರವನ್ನೆಸೆದು ನಿಯಮವನ್ನು ಮುರಿದನೆಂಬುದು ನಿಜ, ನಿಯಮಗಳು ಮುರಿಯುತ್ತವೆ. ಆದರೆ ಸೈನ್ಯಗಳು ಮನೆಗೆ ಮರಳಿದ್ದವು.

ಲಠ್ಠೆಯವರು 1950ರಲ್ಲಿ ನಿಧನರಾದರು. ಅಷ್ಟರಲ್ಲಿ ಈ ಸೀಮೆಯಲ್ಲಿ ಇನ್ನೊಂದು ಅಣ್ಣತಮ್ಮಂದಿರ ಕಲಹವು ಮೊಳೆತಿದ್ದಿತು. 1946ರಲ್ಲಿ ಬೆಳಗಾವಿಯಲ್ಲೇ ನೆರೆದ ಮರಾಠಿ ಸಾಹಿತ್ಯ ಸಮ್ಮೇಳನವು ಸಂಯುಕ್ತ ಮಹಾರಾಷ್ಟ್ರವನ್ನು ಬೇಡಿತು. ಕನ್ನಡಿಗರ ಏಕೀಕರಣದ ಕೂಗು ಅದಕ್ಕೆ ಮೊದಲೇ ಎದ್ದಿದ್ದಿತು. 1949ರಲ್ಲಿ ಕೊಲ್ಹಾಪುರ ಸಂಸ್ಥಾನವು ವಿಲೀನಗೊಂಡು ರಾಯಬಾಗವು ಬೆಳಗಾವಿ ಜಿಲ್ಲೆಯನ್ನು ಸೇರಿತು. 1956ರಲ್ಲಿ ಚಂದಗಡವನ್ನುಳಿದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಕುರುಂದವಾಡವು ಗಡಿಯಾಚೆ ಉಳಿಯಿತು. 1967ರಲ್ಲಿ ಮಹಾಜನ ಆಯೋಗವು ಬೆಳಗಾವಿ ಇಲ್ಲಿಯೇ ಇರಲಿ, ನಿಪ್ಪಾಣಿ ಮಹಾರಾಷ್ಟ್ರಕ್ಕೆ ಹೋಗಲಿ ಎಂದಿತು. ಇತ್ತಣವರು ಒಪ್ಪಿದರೂ ಅತ್ತಣವರು ಒಪ್ಪದೆ, ಗಡಿಯು ಇದ್ದಂತೆಯೇ ಉಳಿಯಿತು. ಲಾಠಿ, ಗುಂಡು, ಬಸ್ಸುಗಳ ಬೆಂಕಿ ಎಲ್ಲವನ್ನೂ ಕಂಡ ಆ ಕಲಹವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿತು. ಕೊನೆಗೂ ಅದು ಬಂದು ನಿಂತುದು ಕರಿಯ ಕೋಟಿನವರ ಮುಂದೆ, ಕಾಗದದ ಕಟ್ಟುಗಳ ನಡುವೆ. ತಡವಾದುದೆಂದು ಬೇಸರಿಸುವವರಿದ್ದಾರೆ, ಆದರೆ ಆ ಕಡತಗಳಲ್ಲಿ ಧೂಳು ಕೂರುತ್ತಿರುವಷ್ಟು ಕಾಲವೂ ಕಾಗವಾಡದ ರೈತನ ಕಬ್ಬಿನ ಗಾಡಿಯು ಗಡಿಯನ್ನು ದಾಟುತ್ತದೆ, ಶಿರೋಳದ ಸೊಸೆಯು ಹಬ್ಬಕ್ಕೆ ಅಥಣಿಯ ತವರಿಗೆ ಬರುತ್ತಾಳೆ.

ಸಾಂಗಲಿಯಲ್ಲೊಂದು ಶಿಕ್ಷಣ ಸಂಸ್ಥೆಯು ಲಠ್ಠೆಯವರ ಹೆಸರನ್ನು ಹೊತ್ತಿದೆ. ಸ್ತವನಿಧಿಗೆ ಬರುವ ಯಾತ್ರಿಕರಾದರೋ ಪಾರ್ಶ್ವನಾಥನಿಗೂ ಕ್ಷೇತ್ರಪಾಲ ಬ್ರಹ್ಮದೇವನಿಗೂ ಕೈಮುಗಿದು, ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ ಪ್ರಾರ್ಥಿಸಿ, ಹೊರಗೆ ಒಂದೇ ಮರದ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚುತ್ತಾರೆ. ಮಂತ್ರಿಯ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ.